ಎರಡು ಬಾವಿ

ಗುಜರಿ ಅಂಗಡಿಯ ಉಕ್ಕಾಸಿಚ್ಚ ತಕ್ಕಡಿಯಿಂದ ಎತ್ತಿ ಕೊಟ್ಟ ಪುಸ್ತಕ:
ಒಂದೂಕಾಲು ಕಿಲೋ, ರಟ್ಟು ಇಲ್ಲ, ಗೆದ್ದಲು ತಿಂದ ಬೆನ್ನು.
"ಚಿತ್ರ ಉಂಟು, ನಿಮಗಾದೀತು ತ್ಯಾಂಪಣ್ಣ" ಎಂದ.
ಹಣ ಬೇಡವೆಂದ. ಬದಲಿಗೆ ಅವನ ಟೆಂಪೋದ ಹಿಂದೆ
ಹಾರ್ನ್ ಬಾರಿಸಿ ಎಂದು ಬರೆದುಕೊಟ್ಟೆ, ಎರಡು ಲಿಪಿಯಲ್ಲಿ.

ಫ್ರೆಂಚ್ ಭಾಷೆಯಂತೆ. ಒಂದಕ್ಷರ ತಲೆಗೆ ಹತ್ತದು.
ಇಸವಿಗಳು ಮಾತ್ರ ನಮ್ಮ ಬಸ್ಸಿನ ನಂಬರಿನ ಹಾಗೆಯೇ:
1838ರ ಮುಂದೆ ನಕ್ಷತ್ರ, 1903ರ ಮುಂದೆ ಶಿಲುಬೆ,
ನಡುವೆ ಪುಟಪುಟಕ್ಕೂ 1871,
ಹಲ್ಲಿನ ಸಂದಿಗೆ ಸಿಕ್ಕ ಬಂಗುಡೆ ಮುಳ್ಳಿನಂತೆ.

ಹೆಸರು ಗಾಸ್ಪಾರ್ ವೆಂಡ್ಲಿಂಗ್. ಓದಿ ಹೇಳಿದ್ದು
ಇಗರ್ಜಿಯ ಮುದಿ ಪಾದ್ರಿ. ಪಾಂಡಿಚೇರಿಯಲ್ಲಿ ಕಲಿತ ಫ್ರೆಂಚು
ಅವರಿಗೆ ಮುಕ್ಕಾಲು ಮರೆತಿತ್ತು. ಸಿಕ್ಕಿದ್ದು ಇಷ್ಟು:
ಕಮ್ಮಾರನ ಮಗ. ಊರು ಗಡಿಯಲ್ಲಿ.
ಹದಿನಾರನೇ ವಯಸ್ಸಿಗೆ ಹೋಟೆಲುಗಳ ಬೋರ್ಡು ಬರೆದ
(ನಾನು ಸ್ಟೂಲು ಮುಂದಕ್ಕೆ ಎಳೆದುಕೊಂಡೆ),
ಪ್ಯಾರಿಸ್ಸಿಗೆ ಹೋದ, ಪರೀಕ್ಷೆಯಲ್ಲಿ ಎರಡು ಸಲ ಫೇಲು.
ಯುದ್ಧವಾಯಿತು, ಸೋತರು, ಗೆರೆ ಎಳೆದರು.
ಊರು ಇದ್ದಲ್ಲೇ ಇತ್ತು, ದೇಶ ಎದ್ದು ಹೋಯಿತು.
"ಹಾಗೂ ಆಗುವುದುಂಟಾ ಫಾದರ್?" ಎಂದೆ.
ಇಬ್ಬರೂ ಸ್ವಲ್ಪ ನಕ್ಕೆವು.

ಬೋರ್ಡು ಬರೆಯುವುದಕ್ಕೊಂದು ಮಾತು,
ಚಿತ್ರ ಬರೆಯುವುದಕ್ಕೆ ಇನ್ನೊಂದು, ಅವರ ಭಾಷೆಯಲ್ಲಿ.
ನನಗದು ಸರಿ ಕಾಣಲಿಲ್ಲ.

ಉಳಿದದ್ದನ್ನು ನೋಡಿಯೇ ತಿಳಿದೆ.
1871ರ ನಂತರ ಆತ ಬೇರೇನೂ ಬರೆದಿಲ್ಲ:
ಅದೇ ಕುಲುಮೆ, ಅದೇ ಮನೆ, ಮನೆಯ ಎಡಕ್ಕೆ ಬಾವಿ,
ಬಾವಿಕಟ್ಟೆಗೆ ಒರಗಿ ಕಪ್ಪು ರಿಬ್ಬನ್ನಿನ ಹೆಂಗಸು.
ಪ್ಯಾರಿಸ್ಸಿನಲ್ಲಿ ಅದಕ್ಕೆ ಗಿರಾಕಿ ಇದ್ದಿರಬೇಕು.
ಎರಡು ಪದಕ,
ಮೀಸೆ ದಪ್ಪವಾಗುತ್ತ ಹೋಗುವ ಮೂರು ಫೋಟೊ.
ಕಳಕೊಂಡ ಊರಿಗೆ ಒಳ್ಳೇ ಬೆಲೆ.
ಇದನ್ನು ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ.

ಯಾಕೆಂದರೆ ನನ್ನದು ಅಕ್ಷರಕ್ಕಿಷ್ಟು ಎಂಬ ರೇಟು.
ಕನ್ನಡದ ಮಂಜೇಶ್ವರಕ್ಕೆ ನಾಲ್ಕು. ಮಲೆಯಾಳದಲ್ಲಿ
ಬಾಲಕ್ಕೊಂದು ಸೊನ್ನೆ ಹೆಚ್ಚು. ಆ ಸೊನ್ನೆಗೂ ದುಡ್ಡು ಕೇಳಿದೆ,
ಗುಮಾಸ್ತರು ಕೊಡಲಿಲ್ಲ.
ಅಣ್ಣ ಹುಟ್ಟಿದ್ದು ಮದ್ರಾಸಿನಲ್ಲಿ, ನಾನು ಕೇರಳದಲ್ಲಿ,
ಕುಂಬಳೆಯ ಅದೇ ಕೋಣೆ, ಅದೇ ಚಾಪೆ, ಅದೇ ಸೂಲಗಿತ್ತಿ.
ಇದಕ್ಕೆ ಯಾರೂ ಪದಕ ಕೊಡುವುದಿಲ್ಲ.

ನೂರಹನ್ನೆರಡನೇ ಪುಟದಲ್ಲಿ ಮನೆಯ ನಿಜವಾದ ಫೋಟೊ, 1894.
ಅಂಗಳದಲ್ಲಿ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದಾನೆ,
ಸಾಲ ಕೇಳಲು ಬಂದವನ ಹಾಗೆ.
ಬಾವಿ ಬಲಕ್ಕಿದೆ.

ಅಚ್ಚಿನವರು ಮಗುಚಿ ಹಾಕಿದರೋ ಎಂದು
ಕ್ಷೌರದ ಕನ್ನಡಿ ಹಿಡಿದು ನೋಡಿದೆ.
ಇಲ್ಲ, ಕೋಟಿನ ಗುಂಡಿ ಸರಿಯಾದ ಕಡೆಯೇ ಇತ್ತು.
ಇಪ್ಪತ್ತಮೂರು ವರ್ಷ
ಇಲ್ಲದ ಬಾವಿಯಿಂದ ನೀರು ಸೇದಿದ್ದಾನೆ.

ಆಮೇಲೆ ಬರೀ ಸೇಬು, ಬ್ರೆಡ್ಡು, ಚಾಕು. ಒಂಬತ್ತು ವರ್ಷ.
ಕೊನೆಯ ಪುಟದಲ್ಲಿ ಮತ್ತೆ ಮನೆ, ಅರ್ಧಕ್ಕೆ ನಿಂತದ್ದು.
ಹೆಂಗಸಿಲ್ಲ. ಕುಲುಮೆಯ ಜಾಗದಲ್ಲಿ ಬರೀ ಬಟ್ಟೆ.
ಬಾವಿ ಎರಡು,
ಎಡಕ್ಕೊಂದು, ಬಲಕ್ಕೊಂದು.
ಎರಡರ ಹಗ್ಗವೂ ಒದ್ದೆ.

ಇವತ್ತು ಬೆಳಿಗ್ಗೆ ರೈಲ್ವೆ ಗೇಟು ಬಿದ್ದ ಹೊತ್ತಿಗೆ
ಸ್ಕೂಟರ್ ನಿಲ್ಲಿಸಿ ಒಬ್ಬಳು ಹುಡುಗಿ ಬಂದಳು.
ಮನೆಗೆ ಹೆಸರು ಬರೆಯಬೇಕು. ಫ್ಲೆಕ್ಸ್ ಬೇಡವಂತೆ,
ಹಲಸಿನ ಹಲಗೆ ತಂದಿದ್ದಳು, ಒಂದೂವರೆ ಅಡಿ.
"ಇದರಲ್ಲಿ ಎರಡು ಲಿಪಿ ಹಿಡಿಸುವುದಿಲ್ಲ. ಯಾವುದು?"
"ನೀವೇ ನೋಡಿ ಬರೆಯಿರಿ" ಎಂದಳು. ಗೇಟು ತೆರೆಯಿತು, ಹೋದಳು.

ಕುಂಚ ಟರ್ಪೆಂಟೈನಿನಲ್ಲಿ ನೆನೆಯುತ್ತಿದೆ.
ಹಲಗೆಯ ಹಿಂಬದಿಗೂ ಪ್ರೈಮರ್ ಹೊಡೆದು
ಬಿಸಿಲಿಗೆ ಇಟ್ಟಿದ್ದೇನೆ.