ಎಡಗಡೆಯ ಕೆಳಮೂಲೆ

ಅಮ್ಮತ್ತಿ ಶಾಲೆಯ ಪ್ರೊಜೆಕ್ಟರಿನ ಹೊಟ್ಟೆ ಬಿಚ್ಚಿ
ಮೇಜಿನ ಮೇಲಿಟ್ಟಿದ್ದೇನೆ. ಟೀಚರು ಹೇಳಿದ ರೋಗ:
"ನಡುವೆಲ್ಲ ಚೆನ್ನಾಗಿದೆ. ಭೂಪಟ ಹಾಕಿದರೆ
ಲಕ್ಷದ್ವೀಪ ಮಾತ್ರ ಕಾಣೋದಿಲ್ಲ."

ಎಡಗಡೆಯ ಕೆಳಮೂಲೆ. ಮತ್ತೆ ಅದೇ.

ನಲವತ್ತೇಳು ವರ್ಷದ ಹಿಂದೆ, ವಿರಾಜಪೇಟೆಯ ಟಾಕೀಸಿನಲ್ಲಿ
ನಾನು ರೀಲು ಸುತ್ತುವ ಹುಡುಗ.
ಆಪರೇಟರು ಮೊಯ್ದುಕುಟ್ಟಿ. ಕಪ್ಪು ಗಾಜಿನ ಕಿಂಡಿಯಲ್ಲಿ
ಎರಡು ಕಾರ್ಬನ್ ಕಡ್ಡಿಗಳ ನಡುವಿನ ಬೆಂಕಿ ನೋಡಿ ನೋಡಿ
ಅವರ ಬಲಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು,
ನಮಾಜಿಗೆ ನಿಂತಾಗಲೂ, ಮತ್ತಿ ಮೀನು ಆರಿಸುವಾಗಲೂ.

ಬೆಂಕಿಯ ಹಿಂದೆ ಬೋಗುಣಿಯಂಥ ಕನ್ನಡಿ.
ಅದು ಬೆಳಕನ್ನೆಲ್ಲ ಬಳಿದು ತಂದು
ಫಿಲ್ಮಿನ ಕಿಟಕಿಯ ನಟ್ಟನಡುವೆ ಸುರಿಯುತ್ತಿತ್ತು.
ಪರದೆಯ ಮಧ್ಯದಲ್ಲಿ ಹೀರೋಗೆ ನಡುಹಗಲು,
ಮೂಲೆಗಳಲ್ಲಿ ಸಂಜೆ ಏಳು ಗಂಟೆ.
ಯಾರೂ ದೂರಿರಲಿಲ್ಲ. ದುಡ್ಡು ಕೊಟ್ಟು
ಮೂಲೆ ನೋಡಲು ಯಾರು ಬರುತ್ತಾರೆ?

ಬೊಳ್ಳಿ ಬಂದಳು.
ಪಾಲಿಬೆಟ್ಟದ ಕಡೆ ಒಂದು ತೋಟದ ಲೈನಿನವಳು.
ಎರಡು ಸಲ ಟಿಕೆಟ್ ತೆಗೆದು ನೋಡಿ, ಇಂಟರ್‌ವಲ್ಲಿನಲ್ಲಿ
ಏಣಿ ಹತ್ತಿ ಕ್ಯಾಬಿನ್ನಿಗೇ ಬಂದಳು.
ಅವರ ಕಣದಲ್ಲಿ ಆ ಪಿಕ್ಚರಿನ ಶೂಟಿಂಗ್ ಆಗಿತ್ತಂತೆ.
"ಹೀರೋಯಿನ್ನು ಹಾಡುವಾಗ ನಾನು ಕಾಫಿ ಎಳೀತಿದ್ದೆ.
ಎಡಗಡೆ, ಕೆಳಗೆ. ಗೋರುಮಣೆಯ ಹಿಡಿ ಕಾಣ್ತದೆ.
ನಾನು ಕಾಣೋದಿಲ್ಲ."

ಮೊಯ್ದುಕುಟ್ಟಿ ಹಚ್ಚದ ಬೀಡಿಯನ್ನು ಕಿವಿಗೆ ಸಿಕ್ಕಿಸಿದರು.
"ಇರೋ ಬೆಳಕು ಇಷ್ಟೇ. ಮೂಲೆಗೆ ಕೊಟ್ಟರೆ ನಡುವೆ ಕಡಿಮೆ."
"ಕಣದಲ್ಲಿ ಗುಡ್ಡೆ ಬಿಟ್ಟರೆ ರೈಟರು ಕೂಲಿ ಹಿಡೀತಾನೆ," ಅಂದಳು.
"ಗುಡ್ಡೆ ಮುಗ್ಗುತ್ತೆ, ಅಂಚು ಸುಟ್ಟುಹೋಗುತ್ತೆ. ಎಳೀಬೇಕು."

ಆ ರಾತ್ರಿ ಎರಡನೇ ಆಟ ಮುಗಿದ ಮೇಲೆ
ಫಿಲ್ಮಿಲ್ಲದ ಬರಿಯ ಬೆಳಕನ್ನು ಪರದೆಗೆ ಬಿಟ್ಟೆವು.
ಕೆಳಗೆ ಬಿಳಿ ರಟ್ಟು ಹಿಡಿದು ನಾನು ಕೂಗುವುದು,
ಮೇಲೆ ಅವರು ತಿರುಪು ಮುಟ್ಟುವುದು.
ಕಡ್ಡಿಯ ತುದಿ, ಕನ್ನಡಿಯ ನಾಭಿಯಿಂದ
ಒಂದು ಅಕ್ಕಿಕಾಳಿನಷ್ಟು ಆಚೆ. ಇನ್ನರ್ಧ ಕಾಳು.
ಗುಡ್ಡೆ ಕರಗಿತು.
ಒಂದಷ್ಟು ಬೆಳಕು ಹೊರಚೆಲ್ಲಿ ಕಿಟಕಿಯ ತಗಡಿಗೆ ಬಿತ್ತು,
ತಗಡು ಕಾದು ಟಕ್ಕೆಂದಿತು. ಆ ಪಾಲು ನಷ್ಟವೇ.

ಮಾರನೆಯ ದಿನ ಮ್ಯಾನೇಜರು ಚಿಣ್ಣಪ್ಪ ಓಡಿ ಬಂದರು:
"ಹೀರೋ ಯಾಕೆ ಜ್ವರ ಬಿಟ್ಟವನ ಹಾಗಿದ್ದಾನೆ?"
"ಕಾರ್ಬನ್ ಹಳೇದು," ಅಂದರು ಮೊಯ್ದುಕುಟ್ಟಿ, ತಿರುಗದೆ.
ಕೆಳಗೆ ಬೆಂಚಿನ ಸಾಲಿನಲ್ಲಿ, ಹಾಡಿನ ನಡುವೆ
ಯಾರೋ ಒಬ್ಬಳು "ಓ" ಅಂದಳು.
ನಾಲ್ಕು ಸೆಕೆಂಡಿನ ಶಾಟು ಇರಬಹುದು.
ಮಣೆ ಎಳೆಯುತ್ತ ಎಳೆಯುತ್ತ ಒಮ್ಮೆ
ಕ್ಯಾಮೆರಾವನ್ನೇ ನೋಡಿಬಿಟ್ಟಿದ್ದಳು.

ಮೂರನೆಯ ದಿನ ತಿರುಪು ಹಿಂದಕ್ಕೆ ಹೋಯಿತು.

ಈಗಿನ ಗಾಜಿಗೆ ಆ ಚೌಕಾಸಿ ಅಷ್ಟಿಲ್ಲ.
ನೊಣದ ಕಣ್ಣಿನಂತೆ ಕಿರುಮಸೂರಗಳ ಬಿಲ್ಲೆ.
ಪ್ರತಿ ಕಿರುಗಾಜೂ ತನಗೆ ಸಿಕ್ಕ ಚೂರು ಬೆಳಕನ್ನು
ಇಡೀ ಚಿತ್ರದ ಮೇಲೆ ಹಾಸುತ್ತದೆ,
ಒಂದರ ಮೇಲೊಂದು, ನೂರು ಹಾಸು.
ಒಂದರಲ್ಲಿ ಎಡ ಮಂಕಾದರೆ ಇನ್ನೊಂದರಲ್ಲಿ ಬಲ.
ಬೂಷ್ಟು ಹಿಡಿದರೂ ಮಂಕು ಎಲ್ಲ ರಾಜ್ಯಕ್ಕೂ ಸಮ.
ಮತ್ತೆ ಲಕ್ಷದ್ವೀಪವೊಂದೇ ಮುಳುಗಿದ್ದೇಕೆ?
ಟಾರ್ಚು ಬಿಟ್ಟು ನೋಡಿದೆ. ಕೊಕ್ಕೆ ಸಡಿಲ,
ಬಿಲ್ಲೆ ತನ್ನ ಜಾಡಿನಿಂದ ಕೂದಲೆಳೆಯಷ್ಟು ಜಾರಿದೆ.

ಕೂರಿಸಿದೆ. ಗೋಡೆಗೆ ಬಿಳಿ ಹಾಳೆ,
ಪೆನ್ಸಿಲಿನಲ್ಲಿ ಒಂಬತ್ತು ಚೌಕ, ಕೈಯಲ್ಲಿ ಲಕ್ಸ್ ಮೀಟರು.
ನಡುವೆ ನಾನೂರ ಹನ್ನೆರಡು.
ಬಲ ಮೇಲೆ ಮುನ್ನೂರ ಎಂಬತ್ತು.
ಎಡಗಡೆಯ ಕೆಳಮೂಲೆಯಲ್ಲಿ ಅಂಕಿ ನಿಲ್ಲಲು ಹೊತ್ತಾಯಿತು:
ಮುನ್ನೂರ ಎಪ್ಪತ್ತೊಂಬತ್ತು.

ಟೀಚರು ಭೂಪಟ ಹಾಕಿದರು. "ಇನ್ನೂ ಕಾಣೋದಿಲ್ಲವಲ್ಲ?"
ಅಡ್ಡ ನಿಂತಿದ್ದವನು ನಾನು.
ಪಕ್ಕಕ್ಕೆ ಸರಿದೆ.