ಕಣ್ಣಿನ ಮಟ್ಟ

ನೆಲದಿಂದ ಐವತ್ತೆಂಟು ಅಂಗುಲ:
ಗೋಡೆಯುದ್ದಕ್ಕೂ ಸುಣ್ಣದ ನೂಲು ಹೊಡೆದೆ.
ಚಿತ್ರವಾಗಲಿ ಮುಖವಾಡವಾಗಲಿ
ಅದರ ನಡು ಈ ಗೆರೆಗೆ ಬರಬೇಕು.
ನಾನು ಕಲಿತ ಮೊದಲ ಪಾಠ.

ಕೊಪ್ಪಳದ ಈ ಹಳೇ ಹತ್ತಿ ಗೋದಾಮಿನ ಮೂಲೆಯಲ್ಲಿ
ಕಸಬರಿಗೆಗೆ ಇನ್ನೂ ಅರಳೆ ಸಿಗುತ್ತದೆ.
ನಾಳೆ ಹನ್ನೊಂದಕ್ಕೆ ರಿಬ್ಬನ್ನು.
ಕಿನ್ನಾಳದ ಗರುಡ ಗೋಣಿಯೊಳಗೇ ಇದ್ದಾನೆ,
ಬಣ್ಣದ ಡಬ್ಬಿಯ ಮೇಲೆ ಆರಿದ ಚಹಾ,
ಏಣಿಯ ತುದಿಯಲ್ಲಿ ಶರಣಬಸು
ದೀಪ ತಿರುಗಿಸಿ ತಿರುಗಿಸಿ ಕೇಳುತ್ತಾನೆ
"ಸರಿ ಆತೇನ್ರಿ ಮೇಡಂ? ಇನ್ನೊಂಚೂರು ಎಡಕ್ಕ?"

ಬೆಳಕು ಓರೆಯಾಗಿ ಬೀಳಬೇಕು,
ಮೂಗಿನ ನೆರಳು ತುಟಿ ದಾಟಬಾರದು.
ಗೋಡೆಗೆ ಹುರಿದ ಜೋಳದ ಬಣ್ಣ ಬಳಿಸಿದ್ದೇನೆ,
ಕೆಂಪು ಗರುಡ ತಾನಾಗಿ ಮುಂದೆ ಬರಲಿ.
ಬಂದವರು ಒಮ್ಮೆಲೇ ಅವನನ್ನು ಕಾಣದ ಹಾಗೆ
ಬಾಗಿಲಿಗಡ್ಡ ಒಂದು ಸುಳ್ಳು ಗೋಡೆ.
ಇದೆಲ್ಲ ಯಾರಿಗೂ ಕಾಣಬಾರದು;
ಕಂಡರೆ ನನ್ನ ಕೆಲಸ ಕೆಟ್ಟಂತೆ.

ಕಣ್ಣು ಗೆರೆಗೆ ತಾಗುವಂತೆ ಕೊಯ್ಸಿದ ಪೀಠದ ಮೇಲೆ
ಗರುಡನನ್ನು ಕೂರಿಸಿ ಚೀಟಿ ಅಂಟಿಸಿದೆ:
ಪೊಳಕಿ ಮರ, ಹುಣಸೆಬೀಜದ ಅಂಟು, ತವರದ ಹೊಳಪು.
ಮಾಡಿದವರು: ತಿಳಿದಿಲ್ಲ.

ನೆಲ ಒರೆಸುತ್ತಿದ್ದ ಹುಲಿಗೆಮ್ಮ
ಕೂತಲ್ಲಿಂದಲೇ ಕತ್ತೆತ್ತಿ ಅಂದಳು
"ಯವ್ವಾ, ಇವನ ರೆಕ್ಕಿ ಕೆಳಗ
ಯಾರದೋ ಬಟ್ಟು ಮೂಡ್ಯಾವ ನೋಡ್ರಿ."

ಮೊಣಕಾಲೂರಿದೆ.
ರೆಕ್ಕೆಯಡಿ, ಬಣ್ಣ ಅವಸರದಲ್ಲಿ ಮುಗಿಯುವಲ್ಲಿ
ಹಸಿರು ಹಸಿರು ನಾಲ್ಕು ಬೆರಳು,
ಎಂಟೊಂಬತ್ತು ವರ್ಷದ ಕೈಯವು.
ಹೆಬ್ಬೆಟ್ಟು ಮೇಲುಗಡೆ ಇದ್ದಿರಬೇಕು,
ಅದನ್ನು ಕೆಂಪು ನುಂಗಿದೆ.
ಅಪ್ಪ ಕಣ್ಣು ಬರೆಯುವಾಗ ಅಲುಗದಂತೆ
ಯಾರೋ ಗಟ್ಟಿ ಹಿಡಿದಿದ್ದಾರೆ, ಉಸಿರೂ ಬಿಗಿಹಿಡಿದು.
ಅಪ್ಪನೋ ಅವ್ವನೋ. ನನಗೇನು ಗೊತ್ತು.

ಮೂರು ತಿಂಗಳು ಇವನ ಜೊತೆಗಿದ್ದೆ.
ಅಳೆದೆ, ತೂಗಿದೆ, ಹನ್ನೆರಡು ಕೋನದಿಂದ ಫೋಟೋ ತೆಗೆದೆ,
ಎಲ್ಲ ನಿಂತುಕೊಂಡೇ.

"ಶರಣಬಸು, ಆ ದೀಪ ಇಳಿಸು."
"ಎಲ್ಲೀತನಕರೀ?"
"ನೆಲದ ತನಕ."

ಅಷ್ಟೇ. ಬಾಣದ ಗುರುತು ಹಾಕಲಿಲ್ಲ, ಸೂಚನೆ ಬರೆಯಲಿಲ್ಲ.
ಮಧ್ಯಾಹ್ನ ಎರಡನೇ ಇಯತ್ತೆಯವರು ಸಾಲಾಗಿ ಬರುತ್ತಾರೆ,
ಯಾರಾದರೊಬ್ಬರು ಸಾಲು ತಪ್ಪಿಸಿ
ತಮ್ಮ ಬೆರಳು ಎತ್ತಿ ಹಿಡಿದು ನೋಡಿಕೊಂಡಾರು.

ಚೀಟಿ ಕಿತ್ತೆ. ಹೊಸದು ಏನು ಬರೆಯಬೇಕೋ ತೋಚದೆ
ಅಲ್ಲೇ ಕೂತಿದ್ದೆ.

"ಏಳ್ರಿ ಯವ್ವಾ," ಅಂದಳು ಹುಲಿಗೆಮ್ಮ,
"ಇನ್ನೂ ಆರಿಲ್ಲ ನೆಲ,
ಸೀರಿ ತೊಯ್ತದ."