ಇತರೆ

ಫಾರಂ ಹನ್ನೊಂದರಲ್ಲಿ ಮೂರೇ ಚೌಕ:
ಕಲ್ಲಿದ್ದಲು, ಸೌದೆ, ಇತರೆ.
ಮನೆಗಳು ಬೇಡ ಎಂದಿದ್ದರು ಸಾಹೇಬರು,
ಅಂಗಡಿ, ಶಾಲೆ, ಆಸ್ಪತ್ರೆ, ಕಚೇರಿ ಸಾಕು.
ತಿಂಗಳಿಗೆ ಎಷ್ಟು ಕಿಲೋ ಕೇಳಿ,
ಕಾರಣ ಕೇಳಬೇಡಿ.

ಕೋಡಿಬಾಗದ ಬೇಕರಿಯಲ್ಲಿ ಇನಾಸ್
ನಸುಕಿಗೇ ಭಟ್ಟಿಯ ನೆಲ ಒರೆಸಿ ಮುಗಿಸಿದ್ದ.
ಕಿಲೋ ಯಾರು ತೂಗಿದ್ದಾರೆ ಬಾಯೇ,
ಗೇರುಕಟ್ಟಿಗೆ, ಒಂದು ಟೆಂಪೊ, ಹನ್ನೆರಡು ದಿನ.
ಒಳಗೆ ಕೈಯಿಡುತ್ತೇನೆ.
ಹತ್ತು ಎಣಿಸುವುದರೊಳಗೆ ಕೈ ತಾನೇ ಹಿಂದೆ ಬಂದರೆ
ಪಾವ್ ಇಡುವ ಹೊತ್ತಾಯಿತು.
ಚೌಕದಲ್ಲಿ ಹತ್ತು ಎಂದು ಬರೆಯಹೊರಟು
ತಡೆದು, ಪೆನ್ನಿನ ತುದಿ ಕಚ್ಚಿಕೊಂಡೆ.

ಕೋರ್ಟಿನ ಗೋಡೆಗೆ ಆತುಕೊಂಡು ಗೋಯ್ದ ಮಡಿವಾಳನ ಇಸ್ತ್ರಿ ಗಾಡಿ.
ಕರಟದ ಇದ್ದಿಲು. ಮುಚ್ಚಳ ಎತ್ತಿ ಉಫ್ ಎಂದರೆ
ಒಳಗೆ ಸಣ್ಣದೊಂದು ಸಂಜೆ.
ವಕೀಲರ ಕೋಟಿಗೆ ಕಿಡಿ ಹಾರಿದರೂ ಕಾಣದು,
ಬಿಳಿ ಪಟ್ಟಿಗೆ ಹಾರಿದರೆ ಮಾತ್ರ ನನ್ನ ಮೇಲೇ ಕೇಸು, ಎಂದು ನಕ್ಕ.
ಅವನನ್ನು ಬರೆದುಕೊಳ್ಳಲಿಲ್ಲ.
ಗಾಡಿಗೆ ಗೋಡೆಯಿಲ್ಲ, ಗೋಡೆಯಿರುವುದು ಕೋರ್ಟಿಗೆ.

ಬಸ್‌ಸ್ಟ್ಯಾಂಡಿನ ಹಿಂದಿನ ಕ್ಯಾಂಟೀನಿನಲ್ಲಿ
ಸಾತು ನಾಳೆಯ ಒಲೆ ತುಂಬುತ್ತಿದ್ದಳು.
ಡಬ್ಬದ ನಡುವೆ ಒಂದು ಬಾಟಲಿ ನಿಲ್ಲಿಸಿ
ಸುತ್ತ ಸಿರ್ಸಿ ಮಿಲ್ಲಿನ ಮರದ ಹೊಟ್ಟು ಸುರಿದು
ಮುಷ್ಟಿಯಿಂದ ಗುದ್ದಿ, ಮತ್ತೆ ಸುರಿದು, ಮತ್ತೆ ಗುದ್ದಿ,
ಉಸಿರು ಬಿಗಿಹಿಡಿದು
ಬಾಟಲಿಯನ್ನು ತಿರುಗಿಸಿ ತಿರುಗಿಸಿ ಮೇಲೆಳೆದಳು.

ಬೆಂಕಿ ಉರಿಯುವುದು ಈ ಖಾಲಿಯಲ್ಲಿ.
ಇದು ಕುಸಿದರೆ
ಧಾರವಾಡದ ಮೊದಲ ಬಸ್ಸಿನ ಡ್ರೈವರನಿಗೆ ಚಾ ಇಲ್ಲ.

ಇದು ಸೌದೆಯೇ?
ಗರಗಸ ದಾಟಿ ಬಂದದ್ದು, ಏನು ಅಂತ ಹೇಳಲಿ, ಎಂದಳು.
ಇತರೆ, ಎಂದು ಬರೆದೆ.
ಹೆಸರು ಚಂದ ಇದೆ, ಎಂದಳು,
ನನ್ನ ನಾದಿನಿಯ ಮಗಳಿಗೆ ಇಡಬಹುದಿತ್ತು.

ಇತರೆ ಕೂಡಿಸಬೇಡಿ, ಮೇಲಿನವರು ಪ್ರಶ್ನೆ ಎತ್ತುತ್ತಾರೆ,
ಎಂದರು ಸಾಹೇಬರು.
ಕೂಡಿಸಲಿಲ್ಲ.
ಕಲ್ಲಿದ್ದಲಿನ ಮುಂದೆ ಸೊನ್ನೆ ಹಾಕಿದೆ, ದುಂಡಗೆ.

ಆಷಾಢ. ಬೈತಕೋಲದ ಕಡೆಯ ಗಾಳಿಗೆ
ಇಲಾಖೆಯ ಕಾಗದವೆಲ್ಲ ಹಸಿ ಹಪ್ಪಳ,
ಸೀಲು ಒತ್ತಿದರೆ ಶಾಯಿ ಹಿಂದಿನ ಪುಟಕ್ಕಿಳಿಯುತ್ತದೆ.
ದಾಖಲೆ ಕೋಣೆಯಲ್ಲಿ ಸಿಪಾಯಿ ದತ್ತು
ಶೆಗಡಿ ಹಚ್ಚಿ, ಮೇಲೆ ಸುತಳಿ ಕಟ್ಟಿ
ಒಂದೊಂದೇ ಹಾಳೆ ತೂಗುಹಾಕುತ್ತಿದ್ದ,
ಮೀನು ಒಣಗಿಸುವವರ ಮನೆಯವನು, ಕೈಗೆ ಅಂತರ ಗೊತ್ತು.
ಇದ್ದಿಲು ಎಲ್ಲಿಯದೋ?
ಗೋಯ್ದ ಕೊಡುತ್ತಾನೆ, ವರ್ಷವೂ. ದುಡ್ಡು ತಗೊಳ್ಳುವುದಿಲ್ಲ.

ಈ ಕಚೇರಿಯ ಫಾರಂ ಯಾರು ತುಂಬಿದರು ದತ್ತು?
ನಮ್ಮದೇನು ಬಾಯೇ, ಮಳೆಗಾಲಕ್ಕಷ್ಟೆ.

ಬಾಗಿಲು ಮುಚ್ಚಿತ್ತು. ಕಣ್ಣು ಉರಿಯುತ್ತಿತ್ತು.
ಐದನೆಯ ಹಾಳೆಯಲ್ಲಿ ನನ್ನ ಅಕ್ಷರ,
ಕೆಳಗಿನ ಶಾಖ ತಾಗಿ
ಸೊನ್ನೆಯ ಒಂದು ಬದಿ ಕಂದಾಗುತ್ತಿತ್ತು.
ತೆಗೆಯಲೇ ಎಂದು ಕೈ ಚಾಚಿದೆ.
ಇನ್ನೂ ಹಸಿ ಇದೆ, ಎಂದ ದತ್ತು.

ಮಗುಚಿ ಹಾಕಿದೆ.